ಹಿಂದಿನ ಬೀದಿಯ ಕಾಫಿಗೆ ನಮ್ಮನೆಯಲ್ಲಿ ಬೆಲ್

ನಮ್ಮತ್ತೆ ಈಗ ವಾಕರ್ ಹಿಡಿದು ವರಾಂಡದವರೆಗೆ ಹೋಗುತ್ತಾರೆ. ಅಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ರಸ್ತೆಯಲ್ಲಿ ಯಾರು ಯಾರ ಜೊತೆ ಹೋದರು, ತರಕಾರಿ ಗಾಡಿಯವನು ಯಾರ ಮನೆ ಮುಂದೆ ಎಷ್ಟು ಹೊತ್ತು ನಿಂತ ಅನ್ನುವುದನ್ನೆಲ್ಲ ನನಗೆ ವರದಿ ಒಪ್ಪಿಸುತ್ತಾರೆ. ಅವರು ಇಷ್ಟು ಗಟ್ಟಿಯಾದದ್ದಕ್ಕೆ ಆಪರೇಷನ್ ಮಾಡಿದ ಡಾಕ್ಟರಿಗೆ ಥ್ಯಾಂಕ್ಸ್ ಹೇಳಿದ್ದೇನೆ. ಫಿಸಿಯೋಥೆರಪಿಯ ಹುಡುಗಿಗೂ ಹೇಳಿದ್ದೇನೆ. ಬಾಕಿ ಉಳಿದಿರುವುದು ಒಂದು ಲೋಟ ಕಾಫಿಗೆ.

ಆ ಕಾಫಿ ಮಾಡಬೇಕಾಗಿದ್ದವಳು ನಾನಲ್ಲ. ಕುಡಿಯಬೇಕಾಗಿದ್ದವರು ನಮ್ಮ ಮನೆಯವರಲ್ಲ. ಅದು ಹೊತ್ತಿಗೆ ಸರಿಯಾಗಿ ಅವರ ಕೈಗೆ ಸಿಕ್ಕಿದ್ದಿದ್ದರೆ ನಾನು ಈ ವಾರ ಬೇರೆಯದೇ ಅಂಕಣ ಬರೆಯುತ್ತಿದ್ದೆ. ಬಹುಶಃ ಬರೆಯುವ ಮನಸ್ಸೇ ಇರುತ್ತಿರಲಿಲ್ಲ.

(ತಲೆಬುಡ ಗೊತ್ತಾಗಲಿಲ್ಲ ಅಂತ ಪೇಪರ್ ಮಡಚಬೇಡಿ. ಮೊದಲಿನಿಂದ ಹೇಳುತ್ತೇನೆ.)

ಅತ್ತೆ ಬಚ್ಚಲುಮನೆಯಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಹೆಬ್ಬಾಳದ ಕಡೆಯ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಆಗಿ ಸಹಕಾರನಗರದ ನಮ್ಮ ಮನೆಗೆ ವಾಪಸ್ ಹೊರಟಾಗ, ಡಾಕ್ಟರು ಔಷಧಿಗಿಂತ ಹೆಚ್ಚಾಗಿ ಒಂದೇ ಒಂದು ಮಾತನ್ನು ಒತ್ತಿ ಹೇಳಿದರು. ಯಾರೂ ಹಿಡಿದುಕೊಳ್ಳದೆ ಇವರು ಮಂಚದಿಂದ ಇಳಿಯಲೇಬಾರದು. ಇನ್ನೊಂದು ಸಲ ಬಿದ್ದರೆ ಮತ್ತೆ ನಡೆಯುತ್ತಾರೆ ಅಂತ ನಾನು ಹೇಳಲಾರೆ.

ಅತ್ತೆಯ ಕೋಣೆ ಮನೆಯ ಮುಂಭಾಗದಲ್ಲಿ. ನನ್ನ ಅಡುಗೆಮನೆ, ಬರೆಯುವ ಮೇಜು ಎರಡೂ ಹಿಂಭಾಗದಲ್ಲಿ. ಆಪರೇಷನ್ ಆದಮೇಲೆ ಅವರ ದನಿ ಬೇರೆ ಸಣ್ಣಗಾಗಿತ್ತು. ಮಿಕ್ಸಿ ಹಾಕಿದರೆ ಮುಗಿಯಿತು, ಕರೆದದ್ದು ಕೇಳುತ್ತಲೇ ಇರಲಿಲ್ಲ. ಅದಕ್ಕೆ ಆನ್‌ಲೈನಿನಲ್ಲಿ ಹುಡುಕಿ ಒಂದು ವೈರ್‌ಲೆಸ್ ಬೆಲ್ ತರಿಸಿದೆ. ಒತ್ತುವ ಗುಂಡಿಯನ್ನು ಟೇಪು ಕಟ್ಟಿ ಮಂಚಕ್ಕೆ ನೇತುಹಾಕಿದೆ. ಸದ್ದು ಮಾಡುವ ಡಬ್ಬಿಯನ್ನು ಹಾಲ್‌ನಲ್ಲಿ, ಅತ್ತೆಯ ಬಾಗಿಲಿಗೆ ಎದುರಾಗಿರುವ ಪ್ಲಗ್‌ಗೆ ಸಿಕ್ಕಿಸಿದೆ. ಅಲ್ಲಿ ಕೂಗಿದರೆ ಇಡೀ ಮನೆಗೆ ಕೇಳುತ್ತದೆ.

ಎಂಥ ಸುಖ ಅಂತೀರಿ! ಅತ್ತೆ ಒಮ್ಮೆ ಒತ್ತಿದರೆ ನಾನು ಹಾಜರು. ನೀರು, ದಿಂಬು, ಬಾತ್‌ರೂಮು, ಎಲ್ಲಕ್ಕೂ ಒಂದೇ ಒಂದು ಬೆಲ್. ಎರಡನೆಯ ಸಲ ಒತ್ತುವವರಲ್ಲ ಅವರು. ಕರೆದಮೇಲೆ ಬಂದೇ ಬರ್ತಾರೆ ಅನ್ನುವ ನಂಬಿಕೆ.

ನನಗೋ, ಒಳ್ಳೆಯ ವಸ್ತು ಸಿಕ್ಕರೆ ನಾಲ್ಕು ಜನಕ್ಕೆ ಹೇಳದಿದ್ದರೆ ತಿಂದದ್ದು ಅರಗುವುದಿಲ್ಲ. ನಮ್ಮ ಪಾರ್ಕಿನ ವಾಕಿಂಗ್ ಹೆಂಗಸರದ್ದೊಂದು ಮೊಬೈಲ್ ಗ್ರೂಪ್ ಇದೆ. ಅದರಲ್ಲಿ ಬೆಲ್ಲಿನ ಫೋಟೋ ಹಾಕಿ, ಲಿಂಕ್ ಹಾಕಿ, 'ಮನೆಯಲ್ಲಿ ಹಿರಿಯರಿದ್ದರೆ ಕಣ್ಣುಮುಚ್ಚಿಕೊಂಡು ತಗೊಳ್ಳಿ' ಅಂತ ಬರೆದೆ. ಹೆಬ್ಬೆರಳುಗಳು, ಚಪ್ಪಾಳೆಗಳು ಸಾಲಾಗಿ ಬಂದವು. ನಾನೂ ಉಬ್ಬಿಹೋದೆ. ಈ ಸಂಗತಿ ನೆನಪಿಟ್ಟುಕೊಂಡಿರಿ.

ಸ್ವಲ್ಪ ದಿನವಾದ ಮೇಲೆ ತೊಂದರೆ ಶುರುವಾಯಿತು.

ಬೆಲ್ ಹೊಡೆಯುತ್ತಿತ್ತು. ನಾನು ಓಡುತ್ತಿದ್ದೆ. ಅತ್ತೆ ನನ್ನ ಮುಖ ನೋಡಿ, ಏನಮ್ಮ ಅನ್ನುತ್ತಿದ್ದರು. ನೀವೇ ಕರೆದಿರಲ್ಲ ಅಂದರೆ, ಇಲ್ಲವಲ್ಲ ಅನ್ನುತ್ತಿದ್ದರು. ಮೊದಮೊದಲು ನಕ್ಕೆವು. ಕೈ ತಾಗಿರಬೇಕು ಅಂದುಕೊಂಡೆವು. ಆಮೇಲೆ ಬೆಳಿಗ್ಗೆ ಪೇಪರ್ ಬರುವ ಹೊತ್ತಿಗೆ, ಹನ್ನೊಂದರ ಹೊತ್ತಿಗೆ, ಮಧ್ಯಾಹ್ನ ಊಟವಾದ ಮೇಲೆ, ಹೀಗೆ ದಿನಾ ಇದೇ ಕತೆ. ಒಲೆ ಮೇಲೆ ಒಗ್ಗರಣೆ ಬಿಟ್ಟು ಓಡಿ ಬಂದವಳಿಗೆ 'ನಾನೆಲ್ಲಿ ಒತ್ದೆ' ಅಂತ ಉತ್ತರ ಸಿಕ್ಕರೆ ಹೇಗಿರುತ್ತದೆ ಹೇಳಿ? ಸೀದ ಸಾಸಿವೆಯ ವಾಸನೆ ನನ್ನ ಮಾತಿಗೂ ಹತ್ತಿಕೊಳ್ಳುತ್ತಿತ್ತು.

ಒಂದು ಸಂಜೆ ನಮ್ಮ ಯಜಮಾನರು ಹಾಲ್‌ನಲ್ಲಿ ನಿಂತು, ತಮ್ಮ ಪ್ರಕಾರ ಬಹಳ ಮೆಲ್ಲಗೆ, ನನಗೆ ಹೇಳಿದರು.

"ಅಮ್ಮಂಗೆ ಮರೆವು ಶುರುವಾಗಿದೆ ಅನ್ಸತ್ತೆ ಕಣೆ. ಒತ್ತಿದ್ದೇ ನೆನಪಿರಲ್ಲ, ಪಾಪ."

ಅತ್ತೆಯ ಸೊಂಟ ಮುರಿದಿತ್ತು. ಕಿವಿಗೇನೂ ಆಗಿರಲಿಲ್ಲ.

ಮಾರನೆಯ ದಿನದಿಂದ ಬೆಲ್ಲಿನ ಕಾಟ ಕಡಿಮೆಯಾಯಿತು. ನಾನು ಹಾಯಾಗಿ ಕೂತು ಬರೆಯತೊಡಗಿದೆ. ನಾನೇ ಆಗಾಗ ಹೋಗಿ ಏನಾದರೂ ಬೇಕಾ ಅಂತ ಕೇಳಿದರೆ, ಏನೂ ಬೇಡಮ್ಮ ಅನ್ನುತ್ತಿದ್ದರು. ಬೆಲ್ ಹೊಡೆದಾಗ ಹೋಗಿ ಇಣುಕಿದರೂ ಅದೇ ಉತ್ತರ. ಅತ್ತೆ ಸುಧಾರಿಸುತ್ತಿದ್ದಾರೆ ಅಂತ ನಾನು ಫೋನಿನಲ್ಲಿ ಮತ್ತಿಕೆರೆಯ ನಾದಿನಿಗೆ ವರದಿ ಬೇರೆ ಕೊಟ್ಟೆ. ಬುದ್ಧಿವಂತೆ ನಾನು!

ಈಗ ಆ ಬೆಳಿಗ್ಗೆಗೆ ಬರುತ್ತೇನೆ.

ಹನ್ನೊಂದರ ಹೊತ್ತು. ನಾನು ಮೇಜಿನ ಮುಂದೆ. ಒಂದು ವಾಕ್ಯ ಅರ್ಧ ಹುಟ್ಟಿತ್ತು. ಬೆಲ್ ಹೊಡೆಯಿತು. ಒಂದು ಸಲ, ತಕ್ಷಣ ಇನ್ನೊಂದು ಸಲ. ನನ್ನ ವಾಕ್ಯ ಅಲ್ಲೇ ಸತ್ತಿತು.

ಆಗ ನಾನು ಎದ್ದದ್ದು ಅತ್ತೆಯನ್ನು ನೋಡಲಿಕ್ಕಲ್ಲ. ಆ ದರಿದ್ರ ಡಬ್ಬಿಯನ್ನು ಪ್ಲಗ್‌ನಿಂದ ಕಿತ್ತೆಸೆಯಲಿಕ್ಕೆ. ಹಾಲ್‌ಗೆ ಬಂದು ಕೈ ಚಾಚಿದವಳು, ಸುಮ್ಮನೆ ಒಮ್ಮೆ ಅತ್ತೆಯ ಬಾಗಿಲ ಕಡೆ ನೋಡಿದೆ.

ಅತ್ತೆ ಮಂಚದಿಂದ ಇಳಿದಿದ್ದರು. ಒಂದು ಕಾಲು ನೆಲದ ಮೇಲಿತ್ತು. ಇನ್ನೊಂದು ಊರಲೋ ಬೇಡವೋ ಅನ್ನುವಂತೆ ನಡುಗುತ್ತಿತ್ತು. ವಾಕರ್ ಗೋಡೆಯ ಹತ್ತಿರವಿತ್ತು, ಅವರ ಕೈ ಅದರ ಕಡೆ ಚಾಚಿ, ಎಟುಕದೆ, ಗಾಳಿಯಲ್ಲಿ ಆಡುತ್ತಿತ್ತು. ಮೈ ಮುಂದಕ್ಕೆ ವಾಲಿಬಿಟ್ಟಿತ್ತು.

ಹೇಗೆ ಓಡಿದೆನೋ ಗೊತ್ತಿಲ್ಲ. ಅವರ ಭಾರ ಪೂರ್ತಿ ನನ್ನ ಹೆಗಲಿಗೆ ಬಿತ್ತು. ಇಬ್ಬರೂ ಸೇರಿ ಮಂಚದ ಅಂಚಿಗೆ ಕುಸಿದು ಕೂತೆವು. ಅವರ ಎರಡೂ ಕೈಗಳನ್ನು ನನ್ನ ಕೈಯೊಳಗೆ ಬಿಗಿಯಾಗಿ ಹಿಡಿದುಕೊಂಡಿದ್ದೆ. ಬಾತ್‌ರೂಮಿಗೆ ಹೋಗಬೇಕಾಗಿತ್ತಂತೆ.

ಬೆಲ್ ಒತ್ತಿದ ಮೇಲೆ ನಾನು ಬರುವವರೆಗೆ ಕಾಯಬಾರದಿತ್ತಾ ಅಂತ ಕೇಳಿದೆ. ಕೇಳುವಾಗ ಅಳುವೇ ಬಂತು.

"ಒತ್ತದೆ ಇದ್ರೂ ಒತ್ತಿದೆ ಅಂತೀರಿ. ಒತ್ತಿ ಮರೆತುಬಿಟ್ಟೆ ಅಂತೀರಿ. ಅದರ ಗೊಡವೆನೇ ಬೇಡ ಅಂತ ಬಿಟ್ಬಿಟ್ಟೆ ಕಣಮ್ಮ" ಅಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಹಾಲ್‌ನಲ್ಲಿ ಬೆಲ್ ಮತ್ತೆ ಹೊಡೆಯಿತು. ಒಂದು ಸಲ, ತಕ್ಷಣ ಇನ್ನೊಂದು ಸಲ.

ಗುಂಡಿ ಮಂಚದ ಆ ಕಡೆ ನೇತಾಡುತ್ತಿತ್ತು. ಅತ್ತೆಯ ಎರಡೂ ಕೈ ನನ್ನ ಕೈಯಲ್ಲಿತ್ತು. ಅವರು ಬೆಲ್ಲನ್ನು ನೋಡಿದರು, ಕೈಗಳನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಈಗ್ಲೂ ನಾನೇ ಒತ್ತಿದ್ನಾ?"

ಅವರ ಹೆಗಲಿಗೆ ಹಣೆ ಆನಿಸಿ ಕೂತುಬಿಟ್ಟೆ. ಆಮೇಲೆ ಬಾತ್‌ರೂಮಿಗೆ ಕರೆದುಕೊಂಡು ಹೋದೆ.

ಆ ಮಧ್ಯಾಹ್ನ ಗ್ರೂಪಿನಲ್ಲಿ ಬರೆದೆ. 'ನಾನು ಹೇಳಿದ ಬೆಲ್ ಯಾರಾದರೂ ತಗೊಂಡಿದ್ದೀರಾ? ನಮ್ಮದು ತನ್ನಷ್ಟಕ್ಕೆ ತಾನೇ ಎರಡೆರಡು ಸಲ ಹೊಡ್ಕೊಳ್ತಿದೆ.' ಐದು ನಿಮಿಷವಾಗಿಲ್ಲ, ಶುಭಾ ಫೋನ್ ಮಾಡಿದಳು.

ಶುಭಾ ನಮ್ಮ ಹಿಂದಿನ ಬೀದಿಯವಳು. ಅವಳ ಮನೆಗೂ ನಮ್ಮ ಮನೆಗೂ ಬೆನ್ನಿಗೆ ಬೆನ್ನು. ಅವಳ ಅಡುಗೆಮನೆ ಕಿಟಕಿಯಿಂದ ಕೈ ಚಾಚಿದರೆ ನಮ್ಮ ಕರಿಬೇವಿನ ಗಿಡ ಸಿಗುತ್ತದೆ (ಚಾಚುತ್ತಾಳೆ ಕೂಡ). ವೈರ್‌ಲೆಸ್ ರಿಸೀವರುಗಳನ್ನು ಪರೀಕ್ಷೆ ಮಾಡುವ ಎಂಜಿನಿಯರ್ ಅವಳು. ಗಾಳಿಯಲ್ಲಿ ಹರಿದು ಬರುವ ಸಾವಿರ ಸದ್ದುಗಳಲ್ಲಿ ಯಾವುದು ತನಗೆ ಬಂದ ಸಂದೇಶ, ಯಾವುದು ಬರೀ ಅಡಚಣೆ ಅನ್ನುವುದನ್ನು ಯಂತ್ರ ಸರಿಯಾಗಿ ಗುರುತಿಸುತ್ತದೋ ಇಲ್ಲವೋ ನೋಡುವುದೇ ಅವಳ ಕೆಲಸ. ಮಹಡಿ ಮೇಲಿನ ಕೋಣೆಯಲ್ಲಿ ಕೂತು ಆಫೀಸಿನ ಕೆಲಸ ಮಾಡುತ್ತಾಳೆ. ಕೆಳಗೆ, ಮಂಡಿ ಆಪರೇಷನ್ ಮಾಡಿಸಿಕೊಂಡ ಅಪ್ಪ. ಚಿಕ್ಕಬಾಣಾವರದಿಂದ ಮಗಳ ಮನೆಗೆ ಬಂದಿದ್ದಾರೆ.

"ಆಂಟಿ, ಎರಡು ಸಲನಾ? ಕರೆಕ್ಟಾಗಿ ಎರಡೇ ಸಲನಾ?" ಅಂತ ಕೇಳಿದಳು. ಹೌದು ಅಂದೆ.

"ಅದು ನಮ್ಮಪ್ಪ" ಅಂದಳು.

ನಂಜಪ್ಪನವರು ಸರ್ವೀಸೆಲ್ಲ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಯಶವಂತಪುರ ದಾಟಿಕೊಂಡು ಹೋಗುವ ರೂಟುಗಳಲ್ಲೇ ಕೂದಲು ಬೆಳ್ಳಗಾಗಿದೆ. ಮಗಳು ಮಂಚದ ಪಕ್ಕ ಬೆಲ್ ಇಟ್ಟು, ಏನು ಬೇಕಾದರೂ ಒಂದು ಸಲ ಒತ್ತಿ ಅಪ್ಪಾ, ಸಾಕು ಅಂದಿದ್ದಳಂತೆ. ಅವರು ಒಪ್ಪಿರಲಿಲ್ಲ. ಅವರ ವಾದವನ್ನು ನಾನು ಆಮೇಲೆ ಅವರ ಬಾಯಿಂದಲೇ ಕೇಳಿದೆ.

"ಒಂದ್ ವಿಷಲ್ ಕೊಟ್ರೆ ಗಾಡಿ ನಿಲ್ತದೆ ತಾಯಿ. ಎಲ್ಡ್ ಕೊಟ್ರೇನೇ ಮುಂದಕ್ ಓಗೋದು. ಇವ್ಳು ಮ್ಯಾಲ್ನಿಂದ ಒಂಟು ಕೆಳಕ್ ಬರ್ಬೇಕಲ್ವಾ?"

ಇದಕ್ಕೆ ಯಾವ ಎಂಜಿನಿಯರ್ ಉತ್ತರ ಕೊಟ್ಟಾಳು?

ಫೋನ್ ಕಿವಿಗಿಟ್ಟುಕೊಂಡೇ ಪರೀಕ್ಷೆ ಮಾಡಿದೆವು. ಅಲ್ಲಿ ನಂಜಪ್ಪನವರು ಗುಂಡಿ ಒತ್ತಿದರು, ಇಲ್ಲಿ ನಮ್ಮ ಹಾಲ್‌ನಲ್ಲಿ ಎರಡು ಬೆಲ್. ಇಲ್ಲಿ ನಾನು ಒಮ್ಮೆ ಒತ್ತಿದೆ, ಅಲ್ಲಿ ಶುಭಾಳ ಮಹಡಿಯಲ್ಲಿ ಒಂದು ಬೆಲ್. ನಾನು ಗ್ರೂಪಿನಲ್ಲಿ ಕೊಟ್ಟ ಲಿಂಕನ್ನೇ ಕಣ್ಣುಮುಚ್ಚಿಕೊಂಡು ಒತ್ತಿ ತರಿಸಿದ್ದಳು ಅವಳು. ಅದೇ ಕಂಪನಿ, ಅದೇ ಮಾಡೆಲ್, ಪೆಟ್ಟಿಗೆಯಿಂದ ಬರುವಾಗಲೇ ಅದೇ ಕೋಡ್. ಬೆಲ್ಲುಗಳಿಗೆ ನಮ್ಮಿಬ್ಬರ ಮನೆ ಒಂದೇ ಮನೆಯಾಗಿತ್ತು.

ಈಗ ಕೇಳಿ ಇನ್ನೊಂದು ವಿಷಯ. ಅತ್ತೆ ಒತ್ತಿದಾಗಲೆಲ್ಲ ಶುಭಾ ಮೀಟಿಂಗ್ ಬಿಟ್ಟು ಕೆಳಗೆ ಓಡಿ, ಏನಪ್ಪಾ ಅಂತ ಕೇಳುತ್ತಿದ್ದಳಂತೆ. ಅವರು, ನಾನ್ ಒತ್ತೇ ಇಲ್ಲ ಕಣವ್ವ ಅನ್ನುತ್ತಿದ್ದರಂತೆ. ಅವಳಿಗೂ ಅದೇ ಅನುಮಾನ. ನೆನೆಸಿದ ಬಾದಾಮಿ ಕೊಡಲು ಶುರು ಮಾಡಿದ್ದಳು. ನೆನಪಿನ ಶಕ್ತಿ ನೋಡುವ ಡಾಕ್ಟರ ಹತ್ತಿರ ಅಪಾಯಿಂಟ್‌ಮೆಂಟ್ ಕೂಡ ತಗೊಂಡಾಗಿತ್ತು. ಅಷ್ಟರಲ್ಲಿ ನಮ್ಮತ್ತೆ ಬೇಜಾರಾಗಿ ಗುಂಡಿ ಮುಟ್ಟುವುದನ್ನೇ ಬಿಟ್ಟರಲ್ಲ, ಆ ಕಡೆ ಸುಳ್ಳು ಬೆಲ್ ನಿಂತುಹೋಯಿತು. ಬಾದಾಮಿ ಕೆಲಸ ಮಾಡಿತು ಅಂತ ಶುಭಾ ಖುಷಿಪಟ್ಟಿದ್ದಳು!

ಎರಡು ಮನೆ. ಇಬ್ಬರು ಹಿರಿಯರು. ಇಬ್ಬರೂ ನಿಜವನ್ನೇ ಹೇಳುತ್ತಿದ್ದರು. ಇಬ್ಬರಿಗೂ ನಾವು ಮರೆವಿನ ಪಟ್ಟ ಕಟ್ಟಲು ತಯಾರಾಗಿದ್ದೆವು. ಎದುರಿಗಿರುವ ಮನುಷ್ಯರನ್ನು ಅನುಮಾನಿಸಿದೆವೇ ಹೊರತು, ಆನ್‌ಲೈನಿನಲ್ಲಿ ಬಂದ ಪ್ಲಾಸ್ಟಿಕ್ ಡಬ್ಬಿಯನ್ನು ಅನುಮಾನಿಸಬೇಕು ಅಂತ ಒಬ್ಬರಿಗೂ ಹೊಳೆಯಲಿಲ್ಲ.

ಸಂಜೆ ಶುಭಾ ನಮ್ಮನೆಗೆ ಬಂದಳು. ಆಫೀಸಿನಲ್ಲಿ ಯಾರಿಗೂ ಹೇಳಬೇಡಿ ಆಂಟಿ, ಕೆಲಸದಿಂದ ತೆಗೆದುಬಿಡ್ತಾರೆ ಅಂತ ನಗುತ್ತಲೇ ಕೂತಳು. (ಆಫೀಸಿನಲ್ಲಿ ಹೇಳಿಲ್ಲ. ಪೇಪರಿನಲ್ಲಿ ಬರೆಯಬಾರದು ಅಂತ ಅವಳು ಹೇಳಿರಲಿಲ್ಲ. ಆದರೂ ಕೇಳಿಯೇ ಬರೆಯುತ್ತಿದ್ದೇನೆ.) ನಿಮ್ಮ ಯಂತ್ರಗಳು ಇದನ್ನೆಲ್ಲ ಹೇಗಮ್ಮ ಗುರುತಿಸುತ್ತವೆ ಅಂತ ಕೇಳಿದೆ. ಅವಳು ನನಗೇ ಒಂದು ಪ್ರಶ್ನೆ ಹಾಕಿದಳು. ಬೆಳಿಗ್ಗೆ ನಿಮ್ಮನೆ ಕುಕ್ಕರ್ರು, ನಮ್ಮನೆ ಕುಕ್ಕರ್ರು, ಪಕ್ಕದವರ ಕುಕ್ಕರ್ರು ಎಲ್ಲ ಒಟ್ಟಿಗೆ ಕೂಗುತ್ತವಲ್ಲ, ನಿಮ್ಮದು ಎಷ್ಟು ವಿಷಲ್ ಆಯಿತು ಅಂತ ಹೇಗೆ ಲೆಕ್ಕ ಇಡ್ತೀರಿ?

ಅದೇನು ಬ್ರಹ್ಮವಿದ್ಯೆಯೇ? ನಮ್ಮ ಕುಕ್ಕರ್ ಕೂಗುವುದಕ್ಕೆ ಮೊದಲು ಸುಸ್ ಸುಸ್ ಅಂತ ಎರಡು ಸಲ ಕೆಮ್ಮುತ್ತದೆ. ಆ ಕೆಮ್ಮು ಕೇಳಿದರೆ ಆಮೇಲೆ ಬರುವ ಕೂಗು ನನ್ನದು. ಕೆಮ್ಮದೆ ಕೂಗಿದರೆ ಬೇರೆಯವರದ್ದು.

ಶುಭಾ ಚಪ್ಪಾಳೆ ತಟ್ಟಿದಳು. ರಿಸೀವರ್ ಮಾಡುವುದೂ ಅದೇ ಅಂತೆ. ಗಾಳಿಯಲ್ಲಿ ಏನೇನೋ ಬರುತ್ತಿರುತ್ತದೆ. ಪ್ರತಿಯೊಂದು ಸಂದೇಶದ ಮುಂದೆಯೂ ಒಂದು ಗೊತ್ತಾದ ಗುರುತು ಇಟ್ಟಿರುತ್ತಾರೆ. ಆ ಗುರುತು ಕೇಳಿಸುವವರೆಗೆ ರಿಸೀವರ್ ಯಾವುದಕ್ಕೂ ಸೊಪ್ಪು ಹಾಕುವುದಿಲ್ಲ. ಕೇಳಿಸಿತು ಅಂದರೆ ಮೈಯೆಲ್ಲ ಕಿವಿಯಾಗಿ, ಇದು ನನ್ನ ವಿಳಾಸಕ್ಕೇ ಬಂದದ್ದಾ ಅಂತ ನೋಡಿ, ಆಮೇಲೆ ಒಳಗೆ ಬಿಟ್ಟುಕೊಳ್ಳುತ್ತದೆ. ಬಹಳ ಬಿಗಿಯಾಗಿ ಕೂತರೆ ನಿಜವಾದ ಕರೆಯೂ ತಪ್ಪಿಹೋಗುತ್ತದೆ. ಬಹಳ ಸಡಿಲ ಬಿಟ್ಟರೆ ಹಾದುಹೋದದ್ದಕ್ಕೆಲ್ಲ ಎದ್ದು ಕೂರುತ್ತದೆ. ಎಲ್ಲಿ ಗೆರೆ ಎಳೆಯಬೇಕು ಅನ್ನುವುದೇ ಅವಳ ದಿನನಿತ್ಯದ ತಲೆನೋವು.

ಆದರೆ ಅವಳು ಹೇಳಿದ ಕೊನೆಯ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಬರೀ ಗದ್ದಲ ದೊಡ್ಡ ಸಮಸ್ಯೆಯಲ್ಲವಂತೆ. ಅದಕ್ಕೆ ರೂಪವಿಲ್ಲ, ಹೇಗೋ ಸೋಸಿ ತೆಗೆಯಬಹುದು. ನಿಜವಾದ ಕಷ್ಟ ಇರುವುದು ನಮ್ಮ ಸಂದೇಶದಂತೆಯೇ ಕೇಳಿಸುವ ಇನ್ನೊಂದು ಸಂದೇಶದಲ್ಲಿ.

"ನಮಗೆ ಅದು ಡಿಸ್ಟರ್ಬೆನ್ಸ್ ಆಂಟಿ. ಆದ್ರೆ ಎಲ್ಲೋ ಯಾರೋ ಯಾರನ್ನೋ ಕರೀತಿರ್ತಾರೆ ಅಷ್ಟೇ" ಅಂದಳು.

ಅತ್ತೆ ಇಷ್ಟು ಹೊತ್ತು ಮಂಚದ ಮೇಲೆ ಒರಗಿಕೊಂಡು ಕೇಳುತ್ತಿದ್ದರು. ಕೋಡು, ಗೀಡು ಅವರಿಗೆ ಬೇಕಿರಲಿಲ್ಲ. ಅವರ ಪ್ರಶ್ನೆ ಒಂದೇ. ಬೆಳಿಗ್ಗೆ ಹನ್ನೊಂದು ಗಂಟೆಗೆ ನಿಮ್ಮ ತಂದೆಯವರು ಯಾಕೆ ಒತ್ತಿದ್ದು?

ಕಾಫಿಗೆ ಅಂದಳು ಶುಭಾ. ಅವಳು ಮೀಟಿಂಗಿನಲ್ಲಿ ಹೆಡ್‌ಫೋನ್ ಹಾಕಿಕೊಂಡಿದ್ದಳು. ಮೊದಲನೆಯ ಕರೆ ಕೇಳಿಸಿರಲಿಲ್ಲ. ಹಾಗಾಗಿ ಅವರು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎರಡು ಸಲ ಒತ್ತಬೇಕಾಯಿತು.

ಯೋಚಿಸಿ ನೋಡಿ. ಆ ಮೊದಲನೆಯ ಕರೆ ಶುಭಾಳಿಗೆ ಕೇಳಲಿಲ್ಲ, ನನಗೆ ಕೇಳಿತು. ಅದು ನನಗೆ ಬಂದ ಕರೆಯಲ್ಲ. ಎಂಜಿನಿಯರಿಂಗ್ ಭಾಷೆಯಲ್ಲಿ ಅದು ಅಡಚಣೆ, ತಪ್ಪು, ಸೋಸಿ ಬಿಸಾಡಬೇಕಾದ ಕಸ. ಆ ಕಸ ಬಾರದೇ ಇದ್ದಿದ್ದರೆ ನಾನು ನನ್ನ ವಾಕ್ಯ ಮುಗಿಸಿ, ಇನ್ನೊಂದು ವಾಕ್ಯ ಶುರು ಮಾಡಿ, ಅತ್ತೆ ಬಿದ್ದ ಸದ್ದಿಗೆ ಎದ್ದಿರುತ್ತಿದ್ದೆ. ಇನ್ನೊಂದು ಸಲ ಬಿದ್ದರೆ ಏನು ಅಂತ ಡಾಕ್ಟರು ಹೇಳಿದ್ದ ಮಾತು ನಿಮಗೂ ನೆನಪಿರಬೇಕು.

ನಂಜಪ್ಪನವರೇ, ನೀವು ಈ ಪೇಪರ್ ತರಿಸುತ್ತೀರಿ ಅಂತ ಶುಭಾ ಹೇಳಿದ್ದಾಳೆ. ನಿಮ್ಮ ಕಾಫಿ ಅವತ್ತು ತಡವಾದದ್ದಕ್ಕೆ ನಮ್ಮ ಮನೆ ನಿಮಗೆ ಋಣಿ. ಒಂದು ಸಲ ಸಾಕು ಅಂದರೂ ಕೇಳದೆ ಎರಡು ಸಲವೇ ಒತ್ತಿದ ನಿಮ್ಮ ಹಟಕ್ಕೂ ಋಣಿ. ಅದರಿಂದಲೇ ತಾನೇ ಈ ಗುಟ್ಟು ರಟ್ಟಾದದ್ದು?

ಶುಭಾ ಎರಡೂ ಬೆಲ್ಲುಗಳಿಗೆ ಬೇರೆ ಬೇರೆ ಕೋಡ್ ಹಾಕಲು ಹೇರ್‌ಪಿನ್ ತೆಗೆದು ನಮ್ಮ ಡಬ್ಬಿಯ ಮುಚ್ಚಳ ಬಿಚ್ಚಲು ಹೊರಟಳು. ಅತ್ತೆ ತಡೆದರು. ಒಂದು ನಿಮಿಷ ಇರಮ್ಮ ಅಂದರು. ಮಂಚದ ಆ ಬದಿಗೆ ಕೈ ಚಾಚಿ, ಎಷ್ಟೋ ದಿನಗಳ ಮೇಲೆ ಗುಂಡಿ ಹಿಡಿದರು. ಒಂದು ಸಲ ಒತ್ತಿದರು. ತಕ್ಷಣ ಇನ್ನೊಂದು ಸಲ.

ಹಾಲ್‌ನಲ್ಲಿ ಎರಡು ಬೆಲ್ ಹೊಡೆಯಿತು. ಹಿಂದಿನ ಬೀದಿಯಲ್ಲೂ ಹೊಡೆದಿರಬೇಕು. ನಾವು ಮೂವರೂ ಡಬ್ಬಿಯನ್ನೇ ನೋಡುತ್ತಾ ಕೂತೆವು. ಸ್ವಲ್ಪ ಹೊತ್ತಾದ ಮೇಲೆ ಅದು ತಾನಾಗಿ ಎರಡು ಸಲ ಕೂಗಿತು. ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕರು. ಮನೆಗೆ ಬಂದಮೇಲೆ ಅವರು ಹಾಗೆ ನಕ್ಕದ್ದು ನಾನು ಅವತ್ತೇ ನೋಡಿದ್ದು.

ಇನ್ನು ತೆಗಿ ಅಂದರು. ಶುಭಾ ಕೋಡ್ ಬದಲಾಯಿಸಿದಳು. ನಮ್ಮ ಬೆಲ್ಲಿಗೆ ಕೋಗಿಲೆಯ ದನಿ ಇಟ್ಟು, ತಮ್ಮನೆಯದಕ್ಕೆ ಹಳೆಯ ಟಿಂಗ್‌ಟಾಂಗನ್ನೇ ಉಳಿಸಿಕೊಂಡಳು.

ರಾತ್ರಿ ಊಟಕ್ಕೆ ಕೂತಾಗ ನಮ್ಮ ಯಜಮಾನರಿಗೆ ಎಲ್ಲವನ್ನೂ ಹೇಳಿದೆ. ಅವರು ತಟ್ಟೆ ಅಲ್ಲೇ ಬಿಟ್ಟು ಎದ್ದು ಹೋಗಿ ಅಮ್ಮನ ಮಂಚದ ಹತ್ತಿರ ಕೂತರು. ಏನು ಮಾತಾಡಿದರೋ ನಾನು ಕೇಳಲಿಲ್ಲ. ಬಂದು ತಣ್ಣಗಾದ ಸಾರನ್ನೇ ಕಲಸಿಕೊಂಡು ಉಂಡರು.

ಈಗ ನಮ್ಮ ಬೆಲ್ ಬಲು ಶಿಸ್ತಿನದು. ಅತ್ತೆ ಒತ್ತಿದರೆ ಮಾತ್ರ ಕೂಗುತ್ತದೆ. ಹಿಂದಿನ ಬೀದಿಯ ಯಾವ ಕರೆಯೂ ನಮ್ಮನೆಗೆ ನುಗ್ಗುವುದಿಲ್ಲ. ಆದರೂ ಹನ್ನೊಂದರ ಹೊತ್ತಿಗೆ ನನ್ನ ಕಾಲು ತಾನಾಗಿ ಹಾಲ್‌ಗೆ ಬರುತ್ತದೆ. ಕಾಫಿ ಕಾಯಿಸುತ್ತೇನೆ. ಅತ್ತೆಗೊಂದು, ನನಗೊಂದು. ಶುಭಾಳ ಅಡುಗೆಮನೆ ಕಿಟಕಿ ತೆರೆದಿದ್ದರೆ, ಕರಿಬೇವಿನ ಗಿಡದ ಮೇಲಿಂದ ಇನ್ನೊಂದು ಲೋಟ ಆ ಕಡೆ ದಾಟುತ್ತದೆ. ಮೇಲೆ ಮೀಟಿಂಗ್ ನಡೆಯುತ್ತಿದ್ದರೂ ಅವರ ಮನೆಗೆ ಈಚೆಗೆ ಕೆಲಸಕ್ಕೆ ಬರುವ ಲಕ್ಷ್ಮಮ್ಮ ಕೈ ಚಾಚಿ ಇಸಿದುಕೊಳ್ಳುತ್ತಾರೆ. ಅತ್ತೆ ವರಾಂಡದಿಂದಲೇ, ನಂಜಪ್ಪನವರಿಗೆ ತಲುಪಿತಾ ಅಂತ ವಿಚಾರಿಸುತ್ತಾರೆ.

ಮನೆಗಳಲ್ಲಿ ನಾವೆಲ್ಲರೂ ಎಷ್ಟೊಂದು ಸದ್ದನ್ನು ದಿನಾ ಸೋಸಿ ಬಿಸಾಡುತ್ತೇವೆ ಅಲ್ಲವೇ? ಮಹಡಿ ಮೇಲೆ ಕುರ್ಚಿ ಎಳೆಯುವವರು, ಬೆಳಿಗ್ಗೆದ್ದ ಕೂಡಲೇ ಹೂವಿನ ಚಿತ್ರ ಕಳಿಸುವ ಸೋದರತ್ತೆ, ಹೇಳಿದ್ದನ್ನೇ ಹೇಳುವ ಭಾವ. ಸೋಸದೆ ಬದುಕಲಿಕ್ಕೂ ಆಗುವುದಿಲ್ಲ, ನಾನು ಅದನ್ನು ತಪ್ಪು ಅನ್ನುವುದಿಲ್ಲ. ನಮ್ಮ ಅದೃಷ್ಟ ಚೆನ್ನಾಗಿತ್ತು, ಬಿಸಾಡಬೇಕಾಗಿದ್ದ ಸದ್ದೇ ನಮ್ಮನ್ನು ಕಾಪಾಡಿತು. ಆದರೆ ಆ ವಾರವೆಲ್ಲ ನನಗೆ ಹಿತವಾಗಿ ಕಂಡಿದ್ದ ಇನ್ನೊಂದು ಸಂಗತಿ ಇತ್ತಲ್ಲ, ಅತ್ತೆಯ ಕೋಣೆಯಿಂದ ಒಂದೂ ಕರೆ ಬಾರದ ಆ ನೆಮ್ಮದಿ? ಅದನ್ನು ನೆನೆದಾಗಲೆಲ್ಲ ನಿಮ್ಮನ್ನು ಒಂದು ಮಾತು ಕೇಳಬೇಕು ಅನಿಸುತ್ತದೆ.

ನಿಮ್ಮ ಮನೆಯಲ್ಲಿ ಬೆಲ್ ಹೊಡೆಯುತ್ತಿಲ್ಲ ಅಂದರೆ, ಒಳಗಿರುವವರಿಗೆ ಏನೂ ಬೇಕಾಗಿಲ್ಲ ಅಂತಲೇ ಅರ್ಥವೇ?